ಹಿಟ್ ಹಾಡಿಗೆ ಹುಚ್ಚೆದ್ದು ಕುಣಿಯುವ ಜನ ಹೊಸ ಹಾಡಿಗೆ ತಣ್ಣಗಾಗುವುದೇಕೆ?

ಬೀಟಲ್ಸ್ ಬ್ಯಾಂಡಿನ ಗಾಯಕರಾಗಿದ್ದ ಪಾಲ್ ಮೆಕಾರ್ಟ್ನಿ ತಮ್ಮ ಶೋಗಳಲ್ಲಿ ಒಂದು ಮಾತು ಹೇಳಿ ಜನರನ್ನು ನಗಿಸುವುದುಂಟು. ಬೀಟಲ್ಸ್ ಕಾಲದ ಹಾಡು ಎತ್ತಿಕೊಂಡರೆ ಸಾಕು, ಎಲ್ಲರ ಫೋನೂ ಬೆಳಗಿ ಎದುರಿಗೆ ನಕ್ಷತ್ರಲೋಕವೇ ತೆರೆದುಕೊಳ್ಳುತ್ತದಂತೆ. ಹೊಸ ಹಾಡು ಶುರು ಮಾಡಿದರೆ ಅಲ್ಲಿ ಬರೀ ಕಪ್ಪುಕುಳಿ. ಆದರೂ ನಾವು ಹಾಡುವವರೇ, ಎಂದು ಸೇರಿಸಿ ಮುಂದಿನ ಹಾಡಿಗೆ ಹೋಗುತ್ತಾರೆ.

ಅರವತ್ತು ವರ್ಷ ವೇದಿಕೆಯ ಮೇಲೆ ಕಳೆದವರಿಗೂ ತಪ್ಪದ ಪಾಡು ಇದು. ಮೊದಲೆಲ್ಲ ಇದು ಬ್ಯಾಂಡಿನವರಿಗೂ ಮುಂದಿನ ಸಾಲಿನವರಿಗೂ ಮಾತ್ರ ಗೊತ್ತಿರುತ್ತಿತ್ತು. ಈಗ ಹಾಗಲ್ಲ. ಶೋ ಮುಗಿಯುವ ಮೊದಲೇ ಫೋನಿನಲ್ಲಿ ತೆಗೆದ ತುಣುಕುಗಳು ಊರೂರು ಸುತ್ತುತ್ತವೆ. ಒಂದರಲ್ಲಿ ಜನಸಾಗರ ಗಂಟಲು ಹರಿಯುವಂತೆ ಹಾಡುತ್ತಿರುತ್ತದೆ, ಇನ್ನೊಂದರಲ್ಲಿ ಅದೇ ಜನ ಕೈಕಟ್ಟಿ ನಿಂತಿರುತ್ತಾರೆ. ಕೆಳಗೆ ಜಗಳ ಶುರು: ಈ ಪ್ರೇಕ್ಷಕರಲ್ಲಿ ಜೀವವೇ ಇಲ್ಲ ಎಂದು ಒಬ್ಬರು, ಬ್ಯಾಂಡಿನ ಹೊಸ ಹಾಡುಗಳಲ್ಲೇ ಜೀವವಿಲ್ಲ ಎಂದು ಇನ್ನೊಬ್ಬರು. ಎರಡೂ ಅವಸರದ ತೀರ್ಪು. ಒಂದೇ ಗುಂಪು ಐದು ನಿಮಿಷದ ಅಂತರದಲ್ಲಿ ಎರಡು ಬೇರೆ ಗುಂಪುಗಳ ಹಾಗೆ ವರ್ತಿಸುವುದರ ಹಿಂದೆ ಕಿವಿ, ಮಿದುಳು, ಮೈದಾನದ ಅಳತೆ, ಪಕ್ಕದಲ್ಲಿ ನಿಂತವರು, ಎಲ್ಲದರ ಪಾಲೂ ಇದೆ.

ಮೊದಲು ಕೆಲವು ಪದಗಳು

ಹಿಟ್ ಎಂದರೆ ಬ್ಯಾಂಡಿನ ಅಭಿಮಾನಿಯಲ್ಲದವರಿಗೂ ಗೊತ್ತಿರುವ ಹಾಡು. ರೇಡಿಯೊ, ಸಿನಿಮಾ, ಜಾಹೀರಾತು, ಗೆಳೆಯರ ಕಾರು, ಎಲ್ಲೋ ಒಂದು ಕಡೆ ಅದು ಕಿವಿಗೆ ಬಿದ್ದೇ ಇರುತ್ತದೆ. ಡೀಪ್ ಕಟ್ ಎಂದರೆ ಆಲ್ಬಮ್ಮಿನೊಳಗೆ ಹುದುಗಿದ ಹಾಡು. ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದವರಿಗಷ್ಟೇ ಪರಿಚಯ. ಆ ರಾತ್ರಿ ಯಾವ ಹಾಡಿನ ಮೇಲೆ ಯಾವ ಹಾಡು ಎಂಬ ಪಟ್ಟಿಗೆ ಸೆಟ್‌ಲಿಸ್ಟ್ ಎನ್ನುತ್ತಾರೆ. ಎಲ್ಲ ಮುಗಿಯಿತು ಎಂಬಂತೆ ಒಳಗೆ ಹೋದ ಬ್ಯಾಂಡು ಚಪ್ಪಾಳೆಗೆ ಮರಳಿ ಬಂದು ಹಾಡುವ ಒಂದೆರಡು ಹಾಡು ಎನ್‌ಕೋರ್. ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ, ಹಾಡಿನ ಗುರುತಿನಂತಿರುವ ಚಿಕ್ಕ ಸ್ವರಗುಚ್ಛ ರಿಫ್.

‘ಅಷ್ಟಾಗಿ ಗೊತ್ತಿಲ್ಲದ ಹಾಡು’ ಎಂದಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಮೊನ್ನೆ ಬಂದ ಹೊಸ ಹಾಡು ಒಂದು. ಹಳೆಯದಾದರೂ ಹೆಸರು ಮಾಡದ ಹಾಡು ಇನ್ನೊಂದು. ಹತ್ತಾರು ವರ್ಷ ವೇದಿಕೆಗೇ ಬಾರದ ಅಪರೂಪದ ಹಾಡು ಮೂರನೆಯದು. ಸಾಮಾನ್ಯ ಕೇಳುಗರಿಗೆ ಮೂರೂ ಒಂದೇ. ಕಟ್ಟಾ ಅಭಿಮಾನಿಗೆ ಮೂರನೆಯದು ಬಂಗಾರ.

ಕಣ್ಣು ಮಿಟುಕಿಸುವ ಮೊದಲೇ ಗುರುತು

ಯಾವುದೇ ದೊಡ್ಡ ಶೋದ ಧ್ವನಿಮುದ್ರಣ ಕೇಳಿ ನೋಡಿ. ಹಿಟ್ ಹಾಡಿಗೆ ಜನ ಕೂಗುವುದು ಹಾಡು ಚೆನ್ನಾಗಿ ನಡೆದ ಮೇಲಲ್ಲ, ಹಾಡು ಇನ್ನೂ ಶುರುವಾಗುತ್ತಿರುವಾಗ. ಗಿಟಾರಿನ ಎರಡು ಮೂರು ಸ್ವರ ಬಿದ್ದಿರುತ್ತವಷ್ಟೇ, ಅಷ್ಟರಲ್ಲಿ ಹೋ ಎಂಬ ಸದ್ದು ಎದ್ದು ಮುಂದಿನ ಸ್ವರಗಳನ್ನೇ ನುಂಗಿಬಿಡುತ್ತದೆ. ಆಮೇಲೆ ಕೂಗು ಸ್ವಲ್ಪ ಇಳಿಯುತ್ತದೆ, ಮೊದಲ ಸಾಲಿಗೆ ಮತ್ತೆ ಏರುತ್ತದೆ, ಪಲ್ಲವಿಗೆ ಬಂದಾಗ ಜನರೇ ಹಾಡುಗಾರರಾಗಿರುತ್ತಾರೆ. ಕೆಲವು ಗಾಯಕರು ಆಗ ಮೈಕನ್ನು ಜನರ ಕಡೆ ತಿರುಗಿಸಿ ಉಸಿರು ತೆಗೆದುಕೊಳ್ಳುತ್ತಾರೆ.

ಆ ಮೊದಲ ಕೂಗನ್ನು ಗುರುತಿನ ಕೂಗು ಎಂದು ಕರೆಯೋಣ. ಇಷ್ಟು ಬೇಗ ಗುರುತು ಹತ್ತುವುದು ಹೇಗೆ? 2019ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಪರಿಚಿತ ಹಾಡಿನ ಮತ್ತು ಅಪರಿಚಿತ ಹಾಡಿನ ಒಂದು ಸೆಕೆಂಡಿಗೂ ಕಡಿಮೆ ಉದ್ದದ ತುಣುಕುಗಳನ್ನು ಬೆರೆಸಿ ಕೇಳಿಸಿದರು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ಕಣ್ಣಿನ ಪಾಪೆ ಹಿಗ್ಗುವುದನ್ನೂ ಅಳೆದಾಗ, 0.1ರಿಂದ 0.3 ಸೆಕೆಂಡಿನೊಳಗೆ ಪರಿಚಿತ ಹಾಡಿಗೆ ಬೇರೆಯೇ ಪ್ರತಿಕ್ರಿಯೆ ಕಾಣಿಸಿತು. ಅಷ್ಟರಲ್ಲಿ ರಾಗ ಬೆಳೆದಿರುವುದಿಲ್ಲ. ವಾದ್ಯದ ಬಣ್ಣ, ಸದ್ದಿನ ಒರಟುತನ ಇಷ್ಟೇ ಸಾಕಾಗುತ್ತದೆ. ಕರೆ ಮಾಡಿದವರು ಹಲೋ ಎಂದ ಕೂಡಲೇ ಯಾರೆಂದು ತಿಳಿಯುತ್ತದಲ್ಲ, ಇದೂ ಹಾಗೆಯೇ.

ಹೊಸ ಹಾಡಿಗೆ ಈ ಮೊದಲ ಕೂಗಿನ ಅವಕಾಶವೇ ಇಲ್ಲ. ಅದು ಎಷ್ಟೇ ಒಳ್ಳೆಯ ಹಾಡಾಗಿರಲಿ, ಓಟ ಶುರುವಾಗುವ ಮೊದಲೇ ಹತ್ತು ಹೆಜ್ಜೆ ಹಿಂದೆ ನಿಂತಿರುತ್ತದೆ.

ಕತ್ತಲಲ್ಲಿ ಮನೆಯ ಮೆಟ್ಟಿಲು

ಸ್ವಂತ ಮನೆಯಲ್ಲಿ ಕರೆಂಟು ಹೋದರೂ ಮೆಟ್ಟಿಲು ಇಳಿಯುತ್ತೇವೆ. ಎಷ್ಟನೆಯ ಮೆಟ್ಟಿಲಿಗೆ ತಿರುವು, ಎಲ್ಲಿ ಬಾಗಿಲ ಚೌಕಟ್ಟು, ಕಾಲಿಗೆ ಗೊತ್ತು. ಬೇರೆಯವರ ಮನೆಯಲ್ಲಾದರೆ ಗೋಡೆ ಹಿಡಿದು ಒಂದೊಂದೇ ಹೆಜ್ಜೆ. ನಮ್ಮ ಮೆಟ್ಟಿಲಿಗಿಂತ ಅವರ ಮೆಟ್ಟಿಲೇ ಚೆನ್ನಾಗಿರಬಹುದು, ಆದರೆ ಕತ್ತಲಲ್ಲಿ ಓಡಿ ಇಳಿಯಲು ಆಗುವುದಿಲ್ಲ. ಹಾಡು ಕೇಳುವುದೂ ಇಂಥದೇ. ಮಿದುಳು ಸ್ವರಗಳನ್ನು ಬಂದ ಹಾಗೆ ತೆಗೆದುಕೊಂಡು ಸುಮ್ಮನಿರುವುದಿಲ್ಲ, ಮುಂದಿನ ಸ್ವರ ಯಾವುದು, ಡ್ರಮ್ಮಿನ ಪೆಟ್ಟು ಯಾವಾಗ ಎಂದು ಪ್ರತಿ ಕ್ಷಣ ಊಹಿಸುತ್ತಿರುತ್ತದೆ. ಕುಣಿಯುವುದು, ತಲೆಯಾಡಿಸುವುದು, ಜೊತೆಗೆ ಹಾಡುವುದು ಎಲ್ಲ ಈ ಊಹೆಯ ಮೇಲೆ ನಿಂತಿವೆ. ತಾಳದ ಪೆಟ್ಟು ಕೇಳಿದ ಮೇಲೆ ಕೈ ಎತ್ತಿದರೆ ತಡವಾಯಿತು, ಪೆಟ್ಟು ಬೀಳುವ ಮೊದಲೇ ಕೈ ಹೊರಟಿರಬೇಕು.

ಸುಖವೂ ಅಲ್ಲೇ ಇದೆ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಮೈ ಜುಮ್ಮೆನ್ನಿಸುವ ಸಂಗೀತದ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿತು. ಕೇಳುಗರು ತಮಗೆ ಪ್ರಿಯವಾದ ಸಂಗೀತವನ್ನು ತಾವೇ ಆರಿಸಿ ತಂದಿದ್ದರು. ಕೇಳುತ್ತಿರುವಾಗ ಅವರ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುವುದು ಕಂಡಿತು. ಏನನ್ನೋ ಬಯಸಿ ಕಾಯುವಾಗ, ಅದು ಕೈಗೆ ಸಿಕ್ಕಾಗ ಮಿದುಳಿನಲ್ಲಿ ಕೆಲಸ ಮಾಡುವ ರಾಸಾಯನಿಕವದು. ಹಾಡಿನ ಅತ್ಯುನ್ನತ ಕ್ಷಣದಲ್ಲಿ ಅದು ಬಿಡುಗಡೆಯಾದದ್ದರಲ್ಲಿ ಅಚ್ಚರಿಯಿಲ್ಲ. ಆ ಕ್ಷಣ ಇನ್ನೇನು ಬರಲಿದೆ ಎಂದು ಕಾಯುವಾಗಲೂ, ಮಿದುಳಿನ ಇನ್ನೊಂದು ಭಾಗದಲ್ಲಿ, ಅದು ಬಿಡುಗಡೆಯಾಗುತ್ತಿತ್ತು. ಪಲ್ಲವಿ ಬರುವ ಮುಂಚಿನ ಆ ನಾಲ್ಕು ಕ್ಷಣ ಮೈಯೆಲ್ಲ ಬಿಗಿಯಾಗುವುದು ಅನುಭವವಿದ್ದವರಿಗೆ ಗೊತ್ತು. ಏನು ಬರಲಿದೆ ಎಂದೇ ಗೊತ್ತಿಲ್ಲದ ಹಾಡಿನಲ್ಲಿ ಕಾಯುವುದಾದರೂ ಯಾವುದಕ್ಕೆ?

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ರಾಕ್ ಮತ್ತು ಪಾಪ್ ಹಾಡುಗಳನ್ನೇ ಬಳಸಿದ್ದರು. ಪರಿಚಿತ ಹಾಡುಗಳು ಮಿದುಳಿನ ಭಾವನೆಯ ಕೇಂದ್ರಗಳನ್ನು ಅಪರಿಚಿತ ಹಾಡುಗಳಿಗಿಂತ ಹೆಚ್ಚು ಎಬ್ಬಿಸಿದವು. ಕೇಳುಗರಿಗೆ ಆ ಹಾಡು ಇಷ್ಟವೋ ಅಲ್ಲವೋ ಎಂಬುದಕ್ಕಿಂತ ಗೊತ್ತೋ ಇಲ್ಲವೋ ಎಂಬುದೇ ಮೇಲುಗೈಯಾಯಿತು. ಮನೆಯಲ್ಲಿ ಬಂದರೆ ಮುಂದಕ್ಕೆ ಒತ್ತುವ ಹಾಡಿಗೆ ಮೈದಾನದಲ್ಲಿ ಕೈ ಮೇಲೆತ್ತಿ ಕೂಗಿದವರಲ್ಲಿ ನಾನೂ ಒಬ್ಬ, ಹಾಗಾಗಿ ಈ ಫಲಿತಾಂಶವನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಾಗಲಿಲ್ಲ.

ಬರೀ ಪದೇ ಪದೇ ಎದುರಾಗುವುದರಿಂದಲೇ ಒಂದು ವಸ್ತುವಿನ ಮೇಲೆ ಒಲವು ಹುಟ್ಟುತ್ತದೆ ಎಂಬುದನ್ನು ರಾಬರ್ಟ್ ಝೈಯಾನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲೇ ತೋರಿಸಿದ್ದರು. ಆ ಒಲವಿಗೂ ಮಿತಿಯುಂಟು. 1970ರ ದಶಕದಲ್ಲಿ ಡೇನಿಯಲ್ ಬರ್ಲೈನ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಅದನ್ನು ಗುಡ್ಡದ ಆಕಾರದಲ್ಲಿ ವಿವರಿಸಿದರು: ಪರಿಚಯ ಬೆಳೆದಂತೆ ಇಷ್ಟ ಏರುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ವೇದಿಕೆಯ ಮೇಲಿನವರಿಗೂ ಕೆಳಗಿನವರಿಗೂ ಮನಸ್ತಾಪ ಬರುವುದು ಇಲ್ಲೇ. ಆ ಹಾಡನ್ನು ಎದುರಿಗೆ ನಿಂತು ಕೇಳುವುದು ಪ್ರೇಕ್ಷಕರಿಗೆ ಜೀವಮಾನದಲ್ಲಿ ಒಂದೋ ಎರಡೋ ಸಲ. ಬ್ಯಾಂಡಿಗೆ ಸಾವಿರದ ಸಲ. ಒಬ್ಬರು ಗುಡ್ಡದ ತುದಿಯಲ್ಲಿದ್ದಾರೆ, ಇನ್ನೊಬ್ಬರು ಆಚೆ ಬದಿಯ ಬುಡಕ್ಕೆ ತಲುಪಿ ಎಷ್ಟೋ ಕಾಲವಾಯಿತು.

ಮೈದಾನವೂ ಪಕ್ಷಪಾತಿ

ಕೇಳುಗರ ತಲೆಯೊಳಗಿನ ಕಾರಣಗಳನ್ನಷ್ಟೇ ಹೇಳಿದರೆ ಅರ್ಧ ಕತೆ ಹೇಳಿದಂತೆ. ದೊಡ್ಡ ಮೈದಾನದಲ್ಲಿ ಸದ್ದು ಜೋರಾಗಿರುತ್ತದೆ, ಸ್ಪಷ್ಟವಾಗಿರುವುದಿಲ್ಲ. ಬೇಸ್ ಗಿಟಾರು, ಡ್ರಮ್ಮಿನ ಗುಡುಗು ಉಳಿದೆಲ್ಲವನ್ನೂ ಮುಚ್ಚುತ್ತವೆ, ಕಾಂಕ್ರೀಟಿಗೆ ಬಡಿದ ಸದ್ದು ಮರಳಿ ಬಂದು ಮೇಲೆ ಬೀಳುತ್ತದೆ, ಪಕ್ಕದವರು ಕೂಗುತ್ತಿರುತ್ತಾರೆ. ಗೊತ್ತಿರುವ ಹಾಡಾದರೆ ಕಾಣೆಯಾದ ಪದಗಳನ್ನು ನೆನಪು ತುಂಬಿಕೊಡುತ್ತದೆ. ಅಳಿಸಿಹೋದ ಅಕ್ಷರಗಳಿದ್ದರೂ ಗೊತ್ತಿರುವ ಹೆಸರನ್ನು ಓದಿಬಿಡುತ್ತೇವಲ್ಲ, ಹಾಗೆ. ಗೊತ್ತಿಲ್ಲದ ಹಾಡು ಸಿಗುವುದು ತುಂಡುತುಂಡಾಗಿ: ಒಂದು ಬಡಿತ, ಒಂದು ಎತ್ತರದ ಸ್ವರ, ನಡುವೆ ಗದ್ದಲ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದರೆ ಮೆಚ್ಚಿಕೊಳ್ಳಬಹುದಾಗಿದ್ದ ಸೂಕ್ಷ್ಮ ಹಾಡು ಮೈದಾನದಲ್ಲಿ ಕೆಸರಿನಂತೆ ಕೇಳುತ್ತದೆ.

ದೂರದ ಲೆಕ್ಕವೂ ಇದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ವೇದಿಕೆಯಿಂದ ನೂರು ಮೀಟರ್ ಹಿಂದೆ ನಿಂತವರಿಗೆ ಸದ್ದು 0.3 ಸೆಕೆಂಡು ತಡ. ವೇದಿಕೆಯ ಸದ್ದು ಕ್ಷೀಣಿಸುವ ಜಾಗಗಳಲ್ಲಿ ನೆಡುವ ಸ್ಪೀಕರ್ ಗೋಪುರಗಳಿಂದಲೂ ಅಷ್ಟೇ ಲೆಕ್ಕ ಹಾಕಿ ಸದ್ದನ್ನು ತಡವಾಗಿಯೇ ಹೊರಡಿಸುತ್ತಾರೆ, ಎರಡೂ ಒಟ್ಟಿಗೆ ಕಿವಿ ಸೇರಲಿ ಎಂದು. ಹಾಗಾಗಿ ಹಿಂದಿನವರ ಚಪ್ಪಾಳೆ ಮುಂದಿನವರಿಗೆ ಎಂದೂ ತಾಳಕ್ಕೆ ಸರಿಯಾಗಿ ಕೇಳುವುದಿಲ್ಲ. ತಾಳ ಮೊದಲೇ ಗೊತ್ತಿದ್ದವರು ಈ ಗೊಂದಲದಲ್ಲೂ ದಾರಿ ತಪ್ಪುವುದಿಲ್ಲ. ಗೊತ್ತಿಲ್ಲದವರು ಎರಡು ಸಲ ತಪ್ಪಿ ಕೈ ಕೆಳಗಿಳಿಸುತ್ತಾರೆ.

ಗುಂಪಿನಲ್ಲಿ ಗೋವಿಂದ

ಇಷ್ಟೆಲ್ಲ ಒಬ್ಬೊಬ್ಬರೊಳಗೆ ನಡೆಯುವುದು. ಒಬ್ಬರಿಂದ ಇನ್ನೊಬ್ಬರಿಗೆ ಏನು ದಾಟುತ್ತದೆ ಎಂಬುದು, ನನಗನ್ನಿಸುವಂತೆ, ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಚಪ್ಪಾಳೆ ಹರಡುವ ರೀತಿಯನ್ನು ಅಧ್ಯಯನ ಮಾಡಿದರು. ವಿದ್ಯಾರ್ಥಿಗಳ ಚಿಕ್ಕ ಗುಂಪುಗಳು ಭಾಷಣ ಕೇಳಿ ಚಪ್ಪಾಳೆ ತಟ್ಟುವುದನ್ನು ಚಿತ್ರೀಕರಿಸಿ ನೋಡಿದಾಗ, ಅದು ಅಂಟುರೋಗದ ಹಾಗೆ ಹರಡುತ್ತಿತ್ತು. ಯಾರು ಯಾವಾಗ ಚಪ್ಪಾಳೆ ಶುರುಮಾಡುತ್ತಾರೆ ಎಂಬುದನ್ನು ನಿರ್ಧರಿಸುತ್ತಿದ್ದುದು ಪಕ್ಕದ ಕುರ್ಚಿಯವರಲ್ಲ, ಒಟ್ಟು ಕೋಣೆಯಲ್ಲಿ ಎಷ್ಟು ಪಾಲು ಜನ ಆಗಲೇ ಶುರುಮಾಡಿದ್ದಾರೆ ಎಂಬುದು. ನಿಲ್ಲಿಸುವುದೂ ಹಾಗೆಯೇ.

ಇದನ್ನು ಮೈದಾನಕ್ಕೆ ಅನ್ವಯಿಸಿ ನೋಡಿ. ಹತ್ತರಲ್ಲಿ ಎಂಟು ಜನಕ್ಕೆ ಹಾಡು ಗೊತ್ತಿದ್ದರೆ ಅವರು ಕ್ಷಣದಲ್ಲಿ ಎದ್ದರು, ಉಳಿದ ಇಬ್ಬರು ಅವರನ್ನು ನೋಡಿ ಎದ್ದರು. ಹತ್ತರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ? ಆತ ಎದ್ದು ಸುತ್ತ ನೋಡುತ್ತಾನೆ, ಒಂಬತ್ತು ಜನ ಸುಮ್ಮನಿದ್ದಾರೆ, ಮೆಲ್ಲಗೆ ಕೈ ಇಳಿಸುತ್ತಾನೆ. ಅಂದರೆ ಗೊತ್ತಿರುವವರು ಎಂಟು ಪಟ್ಟಾದರೆ ಸದ್ದು ಎಂಟು ಪಟ್ಟಾಗಿ ನಿಲ್ಲುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಕಾಡ್ಗಿಚ್ಚು, ಅದಕ್ಕಿಂತ ಕೆಳಗೆ ಒದ್ದೆ ಸೌದೆ. ಹಿಟ್ ಹಾಡಿಗೂ ಉಳಿದ ಹಾಡಿಗೂ ಪ್ರತಿಕ್ರಿಯೆಯಲ್ಲಿ ಇಷ್ಟೊಂದು ಅಜಗಜಾಂತರ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ.

ಹಿಟ್ ಹಾಡಿನಲ್ಲಿ ಇನ್ನೊಂದು ಪದರವೂ ಇದೆ. ನನಗೆ ಗೊತ್ತು ಎನ್ನುವುದಷ್ಟೇ ಅಲ್ಲ, ಪಕ್ಕದವರಿಗೂ ಗೊತ್ತು ಎನ್ನುವುದೂ ನನಗೆ ಗೊತ್ತು. ಅಪರಿಚಿತರ ನಡುವೆ ಬಾಯಿಬಿಟ್ಟು ಹಾಡುವ ಸಂಕೋಚ ಅಲ್ಲಿ ಕರಗಿಹೋಗುತ್ತದೆ. ಒಟ್ಟಾಗಿ ಒಂದೇ ಕೆಲಸ ಮಾಡುವ ಜನರಲ್ಲಿ ತಾನು ತಾನಲ್ಲ ಎನ್ನಿಸುವಷ್ಟು ಉಕ್ಕುವ ಹುರುಪನ್ನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಧಾರ್ಮಿಕ ಆಚರಣೆಗಳ ಬಗ್ಗೆ ಬರೆಯುವಾಗ ವಿವರಿಸಿದ್ದರು. ರಾಕ್ ಸಂಗೀತ ಇನ್ನೂ ಹುಟ್ಟಿರಲಿಲ್ಲ, ಆದರೆ ವಿವರಣೆ ಮೈದಾನಕ್ಕೆ ಅಳತೆ ತೆಗೆದು ಹೊಲಿದಂತಿದೆ.

ನೆಲವೇ ಸಾಕ್ಷಿ ಹೇಳಿದಾಗ

ಹುರುಪನ್ನು ಅಳೆಯುವುದು ಕಷ್ಟ, ಕುಣಿತವನ್ನು ಭೂಕಂಪ ಮಾಪಕ ಅಳೆಯುತ್ತದೆ. 2011ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಫೂ ಫೈಟರ್ಸ್ ಬ್ಯಾಂಡಿನ ಶೋ ನಡೆದಾಗ ಸುಮಾರು 50,000 ಜನರ ಕುಣಿತ ಅಲ್ಲಿನ ಭೂಕಂಪ ಮಾಪಕಗಳಲ್ಲಿ ದಾಖಲಾಯಿತು. ಹಾಡು ಏರಿದಾಗ ಗೀಟು ಏರಿತ್ತು, ಹಾಡುಗಳ ನಡುವಿನ ಬಿಡುವಿನಲ್ಲಿ ಇಳಿದಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಮೆಟಾಲಿಕಾ ಬ್ಯಾಂಡು ಹಾಡಿದಾಗಲೂ ಹೀಗಾಯಿತು. ಅಲ್ಲಿ ಮಾಪಕ ಎದ್ದು ಕುಣಿದದ್ದು ‘ಎಂಟರ್ ಸ್ಯಾಂಡ್‌ಮನ್’ ಹಾಡಿಗೆ. 1991ರ ಈ ಹಾಡು ಜಗತ್ತಿಗೇ ಹಿಟ್, ಆ ಕ್ರೀಡಾಂಗಣಕ್ಕಂತೂ ಮನೆಹಾಡು: 2000ದಿಂದಲೂ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅಂಗಳಕ್ಕಿಳಿಯುವಾಗ ಇದನ್ನೇ ಹಾಕುತ್ತಾರೆ, ಎಲ್ಲರೂ ಇದಕ್ಕೇ ಎಗರುತ್ತಾರೆ. ಎಲ್ಲಿ ಎಗರಬೇಕೆಂದು ಅಷ್ಟೊಂದು ಜನಕ್ಕೆ ಒಟ್ಟಿಗೆ ಗೊತ್ತಿದ್ದಾಗ ನೆಲಕ್ಕೂ ಅದು ತಿಳಿಯುತ್ತದೆ.

ಗೊತ್ತಿಲ್ಲದ ಹಾಡಿಗೂ ಕುಣಿಯುವ ಒಂದು ಜಾಗವಿದೆ, ಅದು ಮಾಷ್ ಪಿಟ್. ವೇದಿಕೆಯ ಮುಂದೆ ಬಿರುಸಿನ ಹಾಡಿಗೆ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತ ಕುಣಿಯುವ ಸುಳಿ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2013ರಲ್ಲಿ ವೀಡಿಯೊಗಳನ್ನು ನೋಡಿ, ಆ ಜನರ ಚಲನೆ ಅನಿಲದ ಕಣಗಳ ಚಲನೆಯನ್ನು ಹೋಲುತ್ತದೆ ಎಂದು ತೋರಿಸಿದರು. ಅಲ್ಲಿ ಹಾಡು ಯಾವುದೆಂಬುದಕ್ಕಿಂತ ವೇಗ ಮುಖ್ಯ. ಪದ ಬೇಕಿಲ್ಲ, ಪಲ್ಲವಿ ಬೇಕಿಲ್ಲ.

ಕೆಲವು ಹಾಡುಗಳು ಹೊಸದಾಗಿದ್ದಾಗಲೇ ಗೆಲ್ಲುವುದೂ ಹೀಗೆಯೇ. 1977ರಲ್ಲಿ ಇಂಗ್ಲೆಂಡಿನ ಒಂದು ಶೋ ಮುಗಿದ ಮೇಲೂ ಜನ ತಾವಾಗಿಯೇ ಹಾಡುತ್ತ ನಿಂತದ್ದನ್ನು ಕಂಡ ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ, ಇಕ್ಕಟ್ಟಿನಲ್ಲಿ ನಿಂತ ಜನ ಏನು ಮಾಡಬಲ್ಲರು ಎಂದು ಯೋಚಿಸಿದರು. ಕಾಲು ಬಡಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ‘ವೀ ವಿಲ್ ರಾಕ್ ಯೂ’ ಹುಟ್ಟಿತು. ಎರಡು ಕಾಲ್ಬಡಿತ, ಒಂದು ಚಪ್ಪಾಳೆ. ಹತ್ತು ಸೆಕೆಂಡಿನಲ್ಲಿ ಯಾರಾದರೂ ಕಲಿಯಬಹುದು. ಅಂದರೆ ಪರಿಚಯ ವರ್ಷಗಟ್ಟಲೆ ಕೂಡಬೇಕೆಂದೇನಿಲ್ಲ. ಹಾಡು ಸಾಕಷ್ಟು ಸರಳವಾಗಿದ್ದರೆ, ಮರುಕಳಿಸುತ್ತಿದ್ದರೆ, ಆ ನಿಂತ ಜಾಗದಲ್ಲೇ ಪರಿಚಯವಾಗಿಬಿಡುತ್ತದೆ.

ಸುಮ್ಮನಿರುವುದು ಬೇರೆ, ಛೀಮಾರಿ ಬೇರೆ

ಹೊಸ ಹಾಡಿಗೆ ಜನ ಸುಮ್ಮನಾದರೆ ಬ್ಯಾಂಡಿನವರಿಗೆ ಮುಖಭಂಗ ಅನ್ನಿಸಬಹುದು. ಆದರೆ ಆ ಮೌನದಲ್ಲಿ ಎರಡು ಬಗೆ. ಫೋನ್ ನೋಡುವವರು, ಮಾತಿಗಿಳಿದವರು, ಶೌಚಾಲಯದ ಸಾಲಿಗೆ ಓಡುವವರು ಒಂದು ಬಗೆ. ರಾಕ್ ಲೋಕದಲ್ಲಿ ಇಂಥ ಹಾಡುಗಳಿಗೆ ‘ಬಾತ್‌ರೂಮ್ ಬ್ರೇಕ್’ ಎಂಬ ಅಡ್ಡಹೆಸರೇ ಇದೆ. ಇನ್ನೊಂದು ಬಗೆಯವರು ಕೇಳುತ್ತಿರುತ್ತಾರೆ. ಅಪರಿಚಿತ ಹಾಡನ್ನು ಹಿಡಿಯಲು ಗಮನ ಬೇಕು, ಗಮನ ಕೊಟ್ಟವರ ಮೈ ನಿಶ್ಚಲವಾಗುತ್ತದೆ. ದೂರದಿಂದ ತೆಗೆದ ವೀಡಿಯೊದಲ್ಲಿ ಈ ಇಬ್ಬರೂ ಒಂದೇ ಥರ ಕಾಣುತ್ತಾರೆ. ವ್ಯತ್ಯಾಸ ತಿಳಿಯಬೇಕಾದರೆ ಹಾಡು ಮುಗಿದ ಮೇಲಿನ ಚಪ್ಪಾಳೆಯನ್ನು ಕೇಳಬೇಕು. ಹಿಟ್ ಹಾಡಿಗೆ ದೊಡ್ಡ ಸದ್ದು ಮೊದಲಲ್ಲೇ ಬರುತ್ತದೆ, ಮನಸ್ಸು ಗೆದ್ದ ಹೊಸ ಹಾಡಿಗೆ ಕೊನೆಯಲ್ಲಿ.

ಛೀಮಾರಿಯ ಕತೆಯೇ ಬೇರೆ. 1971ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಳೆಯ ರಾಕ್ ಅಂಡ್ ರೋಲ್ ತಾರೆಯರ ಶೋ. ಹದಿಹರೆಯದಲ್ಲೇ ಹೆಸರು ಮಾಡಿದ್ದ ರಿಕ್ ನೆಲ್ಸನ್ ಉದ್ದ ಕೂದಲು ಬಿಟ್ಟುಕೊಂಡು ಬಂದರು, ತಮ್ಮ ಹಳೆಯ ಹಿಟ್‌ಗಳ ಜೊತೆಗೆ ಆ ಕಾಲದ ಹೊಸ ಧಾಟಿಯ ಹಾಡನ್ನೂ ಎತ್ತಿಕೊಂಡರು. ಜನ ಬೂ ಎಂದು ಕೂಗಿದರು. ಕೂಗು ಹಿಂದಿನ ಸಾಲುಗಳಲ್ಲಿದ್ದ ಪೊಲೀಸರ ಮೇಲಿನದು ಎನ್ನುವವರೂ ಇದ್ದಾರೆ. ನೆಲ್ಸನ್ ಅದು ತಮಗೇ ಎಂದುಕೊಂಡು ವೇದಿಕೆ ಇಳಿದರು. ಆ ನೋವಿನ ಮೇಲೆಯೇ ‘ಗಾರ್ಡನ್ ಪಾರ್ಟಿ’ ಎಂಬ ಹಾಡು ಬರೆದರು, 1972ರಲ್ಲಿ ಅದೇ ಅವರ ದೊಡ್ಡ ಹಿಟ್ ಆಯಿತು. ಆಮೇಲಿನ ಶೋಗಳಲ್ಲಿ ಜನ ಕೇಳುತ್ತಿದ್ದುದು ಅದನ್ನೇ.

ಗಾಯಕ ನೀಲ್ ಯಂಗ್ ಅಂತೂ ಬೇಕೆಂದೇ ಇದನ್ನು ಮೈಮೇಲೆಳೆದುಕೊಂಡರು. 1972ರಲ್ಲಿ ಅವರ ‘ಹಾರ್ವೆಸ್ಟ್’ ಅಮೆರಿಕದಲ್ಲಿ ಆ ವರ್ಷ ಅತಿ ಹೆಚ್ಚು ಮಾರಾಟವಾದ ಆಲ್ಬಮ್. ಮರುವರ್ಷ ಪ್ರವಾಸಕ್ಕೆ ಬಂದಾಗ ಜನ ಅದನ್ನೇ ನಿರೀಕ್ಷಿಸಿ ಬಂದಿದ್ದರು. ಯಂಗ್ ಹಾಡಿದ್ದು ‘ಟುನೈಟ್ಸ್ ದ ನೈಟ್’ ಆಲ್ಬಮ್ಮಿನ ಕತ್ತಲೆಯ ಹಾಡುಗಳನ್ನು. ಆ ಆಲ್ಬಮ್ ಅಂಗಡಿಗೆ ಬಂದದ್ದೇ 1975ರಲ್ಲಿ. ಜನ ಸಿಡಿಮಿಡಿಗೊಂಡರು. ಇದೇ ಆಲ್ಬಮ್ಮನ್ನು ಇಂದು ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು ಎನ್ನುತ್ತಾರೆ.

ಈ ಎರಡೂ ಪ್ರಸಂಗಗಳಲ್ಲಿ ಜನರನ್ನು ಕೆರಳಿಸಿದ್ದು ಹಾಡು ಗೊತ್ತಿಲ್ಲ ಎಂಬುದಲ್ಲ, ಮಾತು ತಪ್ಪಿದರು ಎಂಬ ಭಾವನೆ. ಟಿಕೆಟ್ಟು ಕೊಳ್ಳುವಾಗ ಮನಸ್ಸಿನಲ್ಲೇ ಒಂದು ಒಪ್ಪಂದ ಆಗಿರುತ್ತದೆ. ಎರಡು ಹೊಸ ಹಾಡು ಆ ಒಪ್ಪಂದದೊಳಗೆ ಹಿಡಿಸುತ್ತವೆ. ಇಡೀ ಸಂಜೆ ಹಿಡಿಸುವುದಿಲ್ಲ.

ಲೆಕ್ಕ ತಲೆಕೆಳಗಾಗುವ ಕಡೆ

ಅಪರೂಪದ ಹಾಡಿಗೇ ಛಾವಣಿ ಹಾರುವಂತೆ ಕೂಗುವ ಪ್ರೇಕ್ಷಕರೂ ಇದ್ದಾರೆ. ಗ್ರೇಟ್‌ಫುಲ್ ಡೆಡ್ ಬ್ಯಾಂಡು ಪ್ರತಿ ರಾತ್ರಿ ಬೇರೆ ಸೆಟ್‌ಲಿಸ್ಟ್ ನುಡಿಸುತ್ತಿತ್ತು, ಶೋಗಳನ್ನು ಟೇಪಿನಲ್ಲಿ ಹಿಡಿದುಕೊಳ್ಳಲು ಅಭಿಮಾನಿಗಳಿಗೆ ಅವಕಾಶ ಕೊಟ್ಟಿತ್ತು. ಆ ಟೇಪುಗಳು ಕೈಯಿಂದ ಕೈಗೆ ದಾಟಿ, ಯಾವ ಹಾಡು ಎಷ್ಟು ವರ್ಷದಿಂದ ಬಂದಿಲ್ಲ ಎಂದು ಲೆಕ್ಕವಿಡುವ ಒಂದು ಬಳಗವೇ ಬೆಳೆಯಿತು. ಅದೇ ಪರಂಪರೆಯ ಫಿಶ್ ಬ್ಯಾಂಡು 2017ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ನುಡಿಸಿತು, ಒಂದೇ ಒಂದು ಹಾಡನ್ನೂ ಎರಡನೆಯ ಸಲ ಮುಟ್ಟಲಿಲ್ಲ. ಮೆಟಾಲಿಕಾ 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಶುರುಮಾಡಿದ ಪ್ರವಾಸದಲ್ಲಿ ಒಂದೇ ಊರಿನಲ್ಲಿ ಎರಡು ರಾತ್ರಿ ಹಾಡಿ, ಎರಡನೆಯ ರಾತ್ರಿಗೆ ಪೂರ್ತಿ ಬೇರೆ ಹಾಡುಗಳನ್ನೇ ಇಟ್ಟುಕೊಂಡಿತು.

ಮೇಲೆ ಹೇಳಿದ ನಿಯಮ ಇಲ್ಲಿ ಮುರಿದಿಲ್ಲ. ಈ ಜನರಿಗೆ ಡೀಪ್ ಕಟ್ಟೂ ಬಾಯಿಪಾಠ. ಪರಿಚಯ ಇದ್ದೇ ಇದೆ, ಅದರ ಮೇಲೆ ಎರಡು ಸಂಗತಿ ಕೂಡಿಕೊಂಡಿವೆ. ಹಾಡು ಬರುತ್ತದೋ ಇಲ್ಲವೋ ಎಂಬ ಕುತೂಹಲ ಒಂದು. ಇದನ್ನು ಗುರುತಿಸಬಲ್ಲವರು ನಾವು ಕೆಲವರೇ ಎಂಬ ಹೆಮ್ಮೆ ಇನ್ನೊಂದು. ಹಿಟ್ ಹಾಡಿನ ಕೂಗು ‘ನಾವೆಲ್ಲರೂ’ ಎನ್ನುತ್ತದೆ, ಅಪರೂಪದ ಹಾಡಿನ ಕೂಗು ‘ನಾವು ಮಾತ್ರ’ ಎನ್ನುತ್ತದೆ. ಅದಕ್ಕೇ ಜಾಗವೂ ಮುಖ್ಯ. ಹತ್ತಾರು ಬ್ಯಾಂಡುಗಳ ಉತ್ಸವದಲ್ಲಿ ದಾರಿಹೋಕ ಕೇಳುಗರೇ ಹೆಚ್ಚು, ಅಲ್ಲಿ ಡೀಪ್ ಕಟ್ ನುಡಿಸುವುದು ಕಲ್ಲಿನ ಮೇಲೆ ನೀರು ಹೊಯ್ದಂತೆ. ಅದೇ ಬ್ಯಾಂಡಿನ ಸಣ್ಣ ಸಭಾಂಗಣದ ಶೋದಲ್ಲಿ ಅದೇ ಹಾಡಿಗೆ ಮೈನವಿರೇಳುತ್ತದೆ.

ಪಟ್ಟಿ ಹೆಣೆಯುವವರ ತಲೆನೋವು

ಸೆಟ್‌ಲಿಸ್ಟ್ ಹೆಣೆಯುವವರಿಗೆ ಇದೆಲ್ಲ ಪ್ರಯೋಗಾಲಯವಿಲ್ಲದೆಯೇ ಗೊತ್ತು. ಸಾಮಾನ್ಯ ಪದ್ಧತಿ ಹೀಗೆ: ಶುರುವಿಗೆ ಒಂದು ಬಿರುಸಿನ ಪರಿಚಿತ ಹಾಡು, ಜನ ಬಿಸಿಯಾದ ಮೇಲೆ ಎರಡು ಹಿಟ್‌ಗಳ ನಡುವೆ ಒಂದು ಹೊಸದು, ಮಧ್ಯದಲ್ಲಿ ನಿಧಾನದ ಹಾಡುಗಳು, ಅತಿ ದೊಡ್ಡ ಹಿಟ್ ಕೊನೆಗೋ ಎನ್‌ಕೋರಿಗೋ. ಕೊನೆಗೇ ಏಕೆ? ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನ ಕೊರೆಯುವ ನೀರಿನಲ್ಲಿ ಒಂದು ಸಲ 60 ಸೆಕೆಂಡು ಕೈ ಅದ್ದಿದರು, ಇನ್ನೊಂದು ಸಲ 90 ಸೆಕೆಂಡು. ಎರಡನೆಯದರಲ್ಲಿ ಕೊನೆಯ 30 ಸೆಕೆಂಡು ನೀರು ಒಂದಿಷ್ಟೇ ಬೆಚ್ಚಗಾಗಿತ್ತು. ಮತ್ತೊಮ್ಮೆ ಮಾಡಬೇಕಾದರೆ ಯಾವುದು ಎಂದು ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಕಳೆದ ಅನುಭವವನ್ನು ನಾವು ನೆನೆಯುವುದು ಅದರ ಉದ್ದದಿಂದಲ್ಲ, ತೀವ್ರ ಕ್ಷಣದಿಂದ ಮತ್ತು ಕೊನೆಯಿಂದ. ನಡುವೆ ಮೂರು ಹಾಡು ಸಪ್ಪೆಯಾದರೂ ಕೊನೆಯದು ಕೈಹಿಡಿದರೆ ಜನ ಮನೆಗೆ ಹೋಗುವಾಗ ಗುನುಗುವುದು ಅದನ್ನೇ.

ಆದರೂ ಹಿಟ್ ಹಾಡಿಗೆ ಬೆನ್ನು ತಿರುಗಿಸಿದವರಿದ್ದಾರೆ. ರೇಡಿಯೊಹೆಡ್ ಬ್ಯಾಂಡು 1992ರ ತನ್ನ ‘ಕ್ರೀಪ್’ ಹಾಡನ್ನು ವರ್ಷಗಟ್ಟಲೆ ವೇದಿಕೆಯಿಂದ ದೂರವಿಟ್ಟು, 2016ರ ಪ್ರವಾಸದಲ್ಲಿ ಮತ್ತೆ ಎತ್ತಿಕೊಂಡಿತು. ದೂರವಿಟ್ಟದ್ದರಿಂದಲೇ ಹಿಟ್ ಹಾಡು ಅಪರೂಪದ ಹಾಡೂ ಆಗಿಬಿಟ್ಟಿತ್ತು, ಕೂಗು ಎರಡು ಪಟ್ಟು. 1992ರ ಅಕ್ಟೋಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಿರ್ವಾಣ ಎಂಬ ಬ್ಯಾಂಡು ಮಾಡಿದ್ದು ಸೇಡು. ಮೊದಲು ನುಡಿಸಿದ ಮಹಿಳೆಯರ ಬ್ಯಾಂಡಿನ ಮೇಲೆ ಜನ ಕೈಗೆ ಸಿಕ್ಕಿದ್ದನ್ನು ಎಸೆದಿದ್ದರು. ಸಿಟ್ಟಾದ ನಿರ್ವಾಣ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿನ ಆರಂಭವನ್ನು ನುಡಿಸಿ ಆಸೆ ತೋರಿಸಿ ಬೇರೆ ಹಾಡಿಗೆ ಜಾರಿಕೊಳ್ಳುತ್ತಿತ್ತು. ಕೊನೆಗೂ ಆ ಹಾಡು ಹಾಡಲೇ ಇಲ್ಲ. ಗುರುತಿನ ಕೂಗಿನ ಬಲ ಎಷ್ಟೆಂದು ಅದನ್ನು ಹೀಗೆ ಕಸಿದುಕೊಂಡವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಬೆಲ್‌ಫಾಸ್ಟ್, 1971

ಒಂದು ಶೋ ಬಾಕಿಯಿದೆ. 1971ರ ಮಾರ್ಚ್ 5ರಂದು ಬೆಲ್‌ಫಾಸ್ಟಿನ ಅಲ್‌ಸ್ಟರ್ ಹಾಲ್‌ನಲ್ಲಿ ಲೆಡ್ ಜೆಪ್ಲಿನ್ ಬ್ಯಾಂಡು ನುಡಿಸುತ್ತಿತ್ತು. ಅದರ ‘ಹೋಲ್ ಲಾಟಾ ಲವ್’ ಹಾಡಿನ ಥರದ ಗುಡುಗು ಬೇಕೆಂದು ಬಂದ ಜನ. ನಡುವೆ ಬ್ಯಾಂಡು ಒಂದು ಉದ್ದನೆಯ ಹೊಸ ಹಾಡು ತೆಗೆದುಕೊಂಡಿತು. ಮೆಲ್ಲಗೆ ಶುರುವಾಗಿ ಎಂಟು ನಿಮಿಷದಷ್ಟು ಹೊತ್ತು ಏರುತ್ತ ಹೋಗುವ ಹಾಡು, ಡ್ರಮ್ಸ್ ಕೇಳಿಸುವುದೇ ನಾಲ್ಕು ನಿಮಿಷ ಕಳೆದ ಮೇಲೆ. ಜನಕ್ಕೆ ಸಾಕು ಸಾಕಾಗಿತ್ತು, ಗೊತ್ತಿರುವ ಹಾಡು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರು ಎಂದು ಬೇಸ್ ವಾದಕ ಜಾನ್ ಪಾಲ್ ಜೋನ್ಸ್ ಆಮೇಲೆ ನೆನಪಿಸಿಕೊಂಡಿದ್ದಾರೆ. ‘ಸ್ಟೇರ್‌ವೇ ಟು ಹೆವನ್’ ಜನರೆದುರು ಬಂದದ್ದು ಅದೇ ಮೊದಲು.

ಆ ಹಾಡಿದ್ದ ಆಲ್ಬಮ್ ಬಂದದ್ದು ಎಂಟು ತಿಂಗಳ ನಂತರ, ನವೆಂಬರಿನಲ್ಲಿ. ಹಾಡನ್ನು ಆಗ ಬಿಡಿ ರೆಕಾರ್ಡಾಗಿಯೂ ಮಾರಾಟಕ್ಕೆ ತರಲಿಲ್ಲ. ರೇಡಿಯೊದವರು ಹಾಕಿದರು, ಜನ ಆಲ್ಬಮ್ ಕೊಂಡು ಮತ್ತೆ ಮತ್ತೆ ಕೇಳಿದರು. 2007ರ ಡಿಸೆಂಬರಿನಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ಬ್ಯಾಂಡು ಒಂದೇ ಒಂದು ರಾತ್ರಿಗೆ ಮತ್ತೆ ಒಂದಾದಾಗ ಅದೇ ಮೆಲ್ಲನೆಯ ಗಿಟಾರು ಶುರುವಾಯಿತು, ಅಷ್ಟೇ ಉದ್ದ, ಡ್ರಮ್ಸ್ ಅಷ್ಟೇ ತಡ. ಈ ಸಲ ಅದನ್ನು ಕೇಳಿದವರು ಅಷ್ಟೂ ಹೊತ್ತು ಡ್ರಮ್ಮಿನ ಆ ಮೊದಲ ಪೆಟ್ಟಿಗೆ ಕಾಯುತ್ತಿದ್ದರು.